ಗಾದಿಗನೂರಿನ ಬಿಳಿ ಕೌದಿ

ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದರೆ ಬೆರಳಿಗೆ ಏನೂ ಹತ್ತುವುದಿಲ್ಲ, ಇನ್ನೊಮ್ಮೆ ಎಳೆದೆ, ಇಲ್ಲ, ಏನೇನೂ ಇಲ್ಲ — ಕೆಳಗೆ ರಸ್ತೆ, ಅದರ ಮೇಲೊಂದು ರಸ್ತೆ, ಕಾರು ಕಾರಿಗೆ ಮೂತಿ ಹಚ್ಚಿಕೊಂಡು ನಿಂತಿವೆ, ಇಷ್ಟು ಜನ ಎಲ್ಲಿಗೆ ಹೋಗುತ್ತಾರೋ, ಯಾರೂ ಯಾರನ್ನೂ ಊಟ ಆತಾ ಎಂದು ಕೇಳುವುದಿಲ್ಲ, ಇಂಥ ಬೆಂಗಳೂರಿನ ಧೂಳು ಈ ಮನೆಯ ತನಕ ಏರಿ ಬರುವುದಿಲ್ಲವಂತೆ, ಭಾಳ ಎತ್ತರ ಐತ್ರಿ ಬೀಗ್ತಿ, ಗಾಳಿ ಮಸ್ತ್ ಕ್ಲೀನ್, ಎಂದಳು ಸಂಗಮ್ಮ, ನನ್ನ ಮಗಳ ಅತ್ತೆ, ತಾನೇ ಗಾಳಿ ಸೋಸಿ ಇಟ್ಟವಳ ಹಾಗೆ. ಎತ್ತರವಂತೆ. ಲಿಫ್ಟಿನೊಳಗೆ ನನ್ನ ಕರುಳು ಕೆಳಗೇ ಉಳಿದು ನಾನೊಬ್ಬಳೇ ಮೇಲೆ ಬಂದಂತಾಗಿತ್ತು, ನನ್ನ ಗಂಡ ಜಂಬಪ್ಪ ಅದರೊಳಗೆ ಕಾಲೇ ಇಡಲಿಲ್ಲ, ನೀ ಹೋಗಿ ಮಗಳನ್ನ ಕರ್ಕೊಂಬಾ, ನಾ ಗಾಡಿ ಹತ್ರ ಇರ್ತೀನಿ — ಗಂಡಸಂತೆ ಗಂಡಸು! ಗಾಡಿಯ ಹತ್ತಿರವಾದರೂ ಮರ್ಯಾದೆಯಿಂದ ಇರಗೊಟ್ಟರೇ, ಬಾಡಿಗೆ ಕ್ರೂಸರು ಗೇಟಿನೊಳಗೆ ಬಂದದ್ದೇ ತಡ, ಗಾಲಿಯಿಂದ ಕೆಂಪು ಮಣ್ಣು ಉದುರಿತು ಎಂದು ವಾಚ್‌ಮನ್ನು ಪೈಪು ಹಿಡಿದು ನೀರು ಬಿಟ್ಟ, ನಾವಿನ್ನೂ ಇಳಿದೇ ಇರಲಿಲ್ಲ, ಥೂ ಇವರ, ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮಲ್ಲಿಯೂ ಉಂಟು, ಅವರ ಹೆಜ್ಜೆ ತೊಳೆದು ಹಾಕುವುದಕ್ಕಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ, ಇದನ್ನೂ ಯಾರಿಗಾದರೂ ಹೇಳಿಕೊಡಬೇಕೇ, ಕುಬಸ ಮಾಡಿ ಹಸಿರು ಬಳೆ ಇಡಿಸಿ, ಉಡಿ ತುಂಬಿ ಕರೆದೊಯ್ಯುವುದು, ನನ್ನವ್ವ ನನ್ನನ್ನು ತವರೂರು ಬಂಡ್ರಿಗೆ ಎತ್ತಿನ ಗಾಡಿಯಲ್ಲಿ ಕರೆದೊಯ್ದಿದ್ದಳು, ದಾರಿಯುದ್ದಕ್ಕೂ ಸಂಡೂರಿನ ಗುಡ್ಡ ಹಸಿರಾಗಿತ್ತು, ಕೆಳಗೆ ಹಾಸಿದ ಹುಲ್ಲಿನ ವಾಸನೆ, ಅವ್ವ ಗಳಿಗೆಗೊಮ್ಮೆ ನನ್ನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ನಾನು ಹಾಗೆ ಮಗಳು ಸೌಜನ್ಯಳನ್ನು ಕರೆದೊಯ್ಯಬೇಕು, ಅಷ್ಟೇ, ಮತ್ತೇನೂ ಬೇಡ ನನಗೆ. ಕುಬಸದ ದಿನ ಹ್ಞೂಂ ಎಂದ ಸಂಗಮ್ಮ ಈಗ ಚಹಾದ ಬಟ್ಟಲು ಮುಂದಿಟ್ಟು, ಬ್ಯಾಡ ಬಿಡ್ರಿ ಬೀಗ್ತಿ, ಇಲ್ಲೇ ಡಾಕ್ಟರು ಅದಾರ, ನಿಮ್ಮ ಗಾದಿಗನೂರಾಗ ಧೂಳು ಭಾಳ, ಆ ರೋಡ್ನಾಗ ಬಸುರಿ ಹೆಂಗ ಕುಂದ್ರಬೇಕು ಹೇಳ್ರಿ. ಧೂಳಂತೆ! ರೋಡಂತೆ! ರೋಡು ಕೆಡಿಸಿದವರು ಯಾರಮ್ಮಾ ತಾಯಿ, ನಿನ್ನ ಮಗ, ನನ್ನ ಅಳಿಯ ಮನೋಹರನ ಲಾರಿಗಳಲ್ಲವೇ, ಗುಡ್ಡ ಬಗೆದು ತೆಗೆದ ಕಬ್ಬಿಣದ ಅದಿರು ಹೇರಿಕೊಂಡು ಹಗಲಿರುಳು ನಮ್ಮ ಬಾಗಿಲ ಮುಂದೆ, ಮೇಲೊಂದು ತಾಡಪಾಲು ಕೂಡ ಮುಚ್ಚದೆ, ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತದಂತೆ, ಉದುರಿದ್ದು ನಮ್ಮ ಹೊಲಕ್ಕೆ, ನಮ್ಮ ಹಾಲಿಗೆ, ಅನ್ನದ ಮೇಲೆ ತಟ್ಟೆ ಬೋರಲು ಹಾಕಿಕೊಂಡು ತುತ್ತಿಗೊಮ್ಮೆ ಎತ್ತಿ ಉಣ್ಣುತ್ತೇವೆ ನಾವು. ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ತಲೆಗೂದಲಿಗೆಲ್ಲ ತೌಡು ಮೆತ್ತಿಕೊಂಡು ಕೂತಿರುತ್ತಿದ್ದವಳು ಇವಳು, ನಾನೇ ನೋಡಿದ್ದೇನೆ, ಹಂಪಿ ವಿರೂಪಾಕ್ಷನಾಣೆ, ಆಗ ಧೂಳು ಕಂಡಿರಲಿಲ್ಲವೇ ಇವಳ ಮೂಗಿಗೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಇಲ್ಲಿ ಮಾಡಿದವರು ಇವರು, ಉಣ್ಣುವವರು ನಾವು, ಹೊಟ್ಟೆ ಉರಿಯುತ್ತದೆ ನನಗೆ, ಬಾಯಿಬಿಟ್ಟು ಅಂದರೆ ಮಗಳ ಬಾಳು, ಅನ್ನದಿದ್ದರೆ ನನ್ನ ಎದೆ ಒಡೆಯುತ್ತದೆ. ನಮ್ಮ ಪದ್ಧತಿ ಬಿಡಂಗಿಲ್ರಿ, ಎಂದೆ, ಮೆತ್ತಗೇ ಎಂದೆ.

ಎಲ್ಲ ತಯಾರಿ ಮಾಡೇ ಬಂದೀನಿ ನೋಡ್ರಿ ಎಂದು ಗಂಟು ಬಿಚ್ಚಿದೆ, ಅಂಟಿನುಂಡೆ, ಒಣಕೊಬ್ಬರಿ, ಕೂಸಿನ ಕೌದಿ — ಜಂಬಪ್ಪನ ಹಳೆಯ ಬಿಳಿ ಪಂಚೆಗಳದ್ದು, ಕೂಸಿಗೆ ಬಿಳಿಯದೇ ಆಗಬೇಕು, ಬಣ್ಣ ಬಿಡಬಾರದು, ಒಗೆದು ಒಗೆದು ರಟ್ಟೆ ಬಿದ್ದುಹೋಗಿತ್ತು, ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹಾಕಿ ಮಡಚಿ ತಂದದ್ದು. ಅಯ್ಯ, ಕೂಸಿಗೆ ಕೆಂಪು ಕೌದಿ ಯಾಕ ಹೊಲಿದ್ರಿ, ಎಂದಳು ಸಂಗಮ್ಮ. ಕೆಂಪು? ಕಣ್ಣು ಕಾಣ್ತಾವೋ ಇಲ್ಲೋ ನಿಮಗ, ಬಿಳೀದ್ರೀ ಇದು, ಹಾಲಿನಂಥಾ ಬಿಳೀದು, ಎಂದು ದನಿ ಏರಿಸಿಯೇ ಬಿಟ್ಟೆ, ಏಳು ನೋಡು ಸೌಜೀ ಎಂದು ಮಗಳು ಮಲಗಿದ್ದ ಮಂಚದ ಮೇಲೆ ಝಾಡಿಸಿ ಹಾಸಿದೆ — ಹಾಸಿಗೆಯ ಮೇಲೆ ಅವರ ಬಿಳಿ ಹೊದಿಕೆ, ಅದರ ಮೇಲೆ ನನ್ನ ಬಿಳಿ, ಅಯ್ಯೋ ಶಿವನೇ, ಇಟ್ಟಿಗೆ ಪುಡಿ ಸವರಿದಂತೆ, ಹೊಲಿಗೆ ಹೊಲಿಗೆಯಲ್ಲೂ ಕೆಂಪು, ನಮ್ಮ ಹಗ್ಗದ ಮೇಲೆ ಪಂಚೆಯೂ ಇದೇ ಬಣ್ಣ, ಲಂಗೋಟಿಯೂ ಇದೇ ಬಣ್ಣ, ಗಾದಿಗನೂರಿನಲ್ಲಿ ಬಿಳಿ ಅಂದರೆ ಇದೇ, ಬೇರೆ ಬಿಳಿ ಅಂತ ಒಂದಿತ್ತು ಅನ್ನುವುದೇ ನನಗೆ ಮರೆತುಹೋಗಿತ್ತಲ್ಲ, ಯಾರು ಮರೆಸಿದರು, ಸಂಗಮ್ಮ ನಗಲಿಲ್ಲ, ನಕ್ಕಿದ್ದರೆ ಜಗಳವಾದರೂ ಆಡುತ್ತಿದ್ದೆ. ಆಗ ಸೌಜನ್ಯ ಕೆಮ್ಮಿದಳು, ಎದ್ದು ಗೋಡೆಗೆ ಒರಗಿ ನಿಂತಳು, ಕೈ ಮೂಗಿನ ಮೇಲೆ. ಅವ್ವಾ, ನಾ ಬರಂಗಿಲ್ಲ, ಅತ್ತಿ ಅಂದಿದ್ದಲ್ಲ ಇದು, ನಾನಽ ಅಂದೀನಿ, ಪಂಚಮಿಗೆ ಊರಿಗೆ ಬಂದಾಗ ಉಸಿರು ಹಿಡಕೊಂಡು ಮಲಗಿದ್ದೆ, ನಿನಗ ಹೇಳ್ಲಿಲ್ಲ, ನನ್ನ ಕೂಸಿಗೆ ಆ ಗಾಳಿ ಬ್ಯಾಡವ್ವಾ. ನಾನು ಬಾಳಿದ ಗಾಳಿ, ಅವಳು ಬೆಳೆದ ಗಾಳಿ — ಅನ್ನಬೇಕೆಂದೆ, ಯಾರ ಮೇಲೆ ಅನ್ನಲಿ, ಇಷ್ಟು ಹೊತ್ತು ಕುದ್ದ ಸಿಟ್ಟಿಗೆ ಕೂರಲು ಜಾಗವಿಲ್ಲ. ಕೌದಿ ಸುತ್ತಿದೆ, ಗಂಟಿನೊಳಗೆ ತುರುಕಿದೆ, ಬಿಗಿದು ಕಟ್ಟಿದೆ, ಬಾಗಿಲಾಚೆ ಇಟ್ಟು ಬಂದೆ, ಕೈ ತೊಳೆದುಕೊಂಡೆ, ಹೊಟ್ಟೆಯನ್ನಾದರೂ ಒಮ್ಮೆ ಮುಟ್ಟಿ ನೋಡೋಣ ಎಂದು ಹತ್ತಿರ ಹೋದೆ, ಕೈ ಈಗ ಇಳಿಸುತ್ತಾಳೆ, ಈಗ ಇಳಿಸುತ್ತಾಳೆ, ನಾನು ಇಡಿಸಿದ ಹಸಿರು ಬಳೆಯ ಕೈ, ಮೂಗಿನ ಮೇಲೆ, ಕೌದಿ ಇಲ್ಲ, ಗಂಟು ಇಲ್ಲ, ನಾನೊಬ್ಬಳೇ ಇದ್ದೇನೆ ಅವಳ ಮುಂದೆ, ಕೈ ಮೂಗಿನ ಮೇಲೇ ಇದೆ —