ಬೂರುಗದ ಮರದ ಹತ್ತಿರ ಐದು ನಿಮಿಷ

"ವೈಷ್ಣವಿ, ಪಾರ್ಟಿ ಕೊಡಿಸ್ಬೇಕು ನೀನು! ನಿಮ್ಮಮ್ಮ ರಿಪೋರ್ಟಲ್ಲಿ ಬಂದ್ಬಿಟ್ಟಿದ್ದಾರೆ, ಹನ್ನೆರಡನೇ ಪುಟ," ಎಂದ ಸಂಜು, ಕುರ್ಚಿ ಉರುಳಿಸಿಕೊಂಡೇ ಅವಳ ಮೇಜಿನ ತನಕ ಬಂದು.

ಇಂದಿರಾನಗರದ ಆ ಹಳೇ ಬಂಗಲೆಯ ಆಫೀಸಿನಲ್ಲಿ ಮೂರು ತಿಂಗಳಿಂದ ಇಬ್ಬರಿಗೂ ಅರಣ್ಯ ಇಲಾಖೆಯ ಒಂದೇ ಕೆಲಸ. ರಾಷ್ಟ್ರೀಯ ಉದ್ಯಾನದೊಳಗೆ ಇನ್ನು ಖಾಸಗಿ ಕಾರು ಬಿಡುವುದಿಲ್ಲ, ಗೇಟಿನಿಂದ ಬಸ್ಸಿನಲ್ಲೇ ಹೋಗಬೇಕು ಎಂಬ ಪ್ರಸ್ತಾವಕ್ಕೆ ಜನ ಬರೆದ ನಾಲ್ಕು ಸಾವಿರ ಕಾಗದಗಳನ್ನು ಓದಿ, ಬೆಂಬಲ, ವಿರೋಧ ಎಂದು ಎರಡು ಕಾಲಮ್ಮಿಗೆ ಹಾಕುವುದು. ರೆಸಾರ್ಟಿನವರು ಬೈದಿದ್ದರು, ಹಕ್ಕಿ ನೋಡುವವರು ಹೊಗಳಿದ್ದರು. ಯಾರೋ ಪುಣ್ಯಾತ್ಮ ತನ್ನ ಹೊಸ ಜೀಪಿನ ಫೋಟೊ ಲಗತ್ತಿಸಿ 'ಇದನ್ನೆಲ್ಲಿ ಓಡಿಸಲಿ?' ಎಂದು ಕೇಳಿದ್ದ. ಸ್ವಂತ ತಾಯಿಯ ಕಾಗದಕ್ಕೆ ತಾನೇ ಗುರುತು ಹಾಕುವುದು ಸರಿಯಲ್ಲವೆಂದು ವೈಷ್ಣವಿ ಅದನ್ನು ಸಂಜುವಿನ ಕಂತೆಗೆ ಸೇರಿಸಿದ್ದಳು. ನಿಯತ್ತಿನ ಹುಡುಗಿ, ಏನು ಮಾಡುವುದು!

ಹನ್ನೆರಡನೇ ಪುಟದ ಚೌಕದೊಳಗೆ ದಪ್ಪಕ್ಷರದಲ್ಲಿ ಹೀಗಿತ್ತು: 'ಕಾರು ನಿಲ್ಲಿಸುವುದು ಸರಿಯಾಗಿದೆ. ನಮ್ಮ ಯಜಮಾನರೂ ಅದನ್ನೇ ಹೇಳುತ್ತಿದ್ದರು.' ಕೆಳಗೆ, ಪ್ರೇಮಕ್ಕ, ಕರ್ತವ್ಯದಲ್ಲಿ ಮಡಿದ ಅರಣ್ಯ ಇಲಾಖೆ ಚಾಲಕ ಶೇಖರಪ್ಪನವರ ಪತ್ನಿ. ಅಷ್ಟೇ. ಉಳಿದದ್ದು ಮಾಯ.

ಉಳಿದದ್ದು ವೈಷ್ಣವಿಗೆ ಬಾಯಿಪಾಠ. ಅವ್ವ ಬರೆದು ಮೂರು ಸಲ ಓದಿ ಹೇಳಿದ್ದಳಲ್ಲ. ಏನಾದರೂ ಕೇಳುವ ಮೊದಲು ಎದುರಿನವರದ್ದು ಸರಿ ಅನ್ನಬೇಕು, ಅದು ಪ್ರೇಮಕ್ಕನ ಮರ್ಯಾದೆ. ಆಮೇಲೆ ಬರೆದಿದ್ದಳು: 'ಆದರೆ ಗೇಟಿನಿಂದ ಏಳು ಕಿಲೋಮೀಟರಿಗೆ ಬೂರುಗದ ಮರದ ಬುಡದಲ್ಲಿ ಅವರ ಕಲ್ಲಿದೆ. ಆನೆ ಅವರನ್ನು ಕೊಂದದ್ದು ಅಲ್ಲೇ. ಪ್ರತಿ ವರ್ಷ ಆ ದಿನ ಬಾಡಿಗೆ ಕಾರಿನಲ್ಲಿ ಹೋಗಿ ಹೂವು, ಅವರಿಗಿಷ್ಟದ ಮಂಡಕ್ಕಿ ಮಿರ್ಚಿ ಇಟ್ಟು ಬರುತ್ತೇನೆ. ಸೊಂಟದ ಆಪರೇಷನ್ ಆದಮೇಲೆ ನಡೆಯಲಾರೆ. ನಿಮ್ಮ ಬಸ್ಸು ನಡುವೆ ಎಲ್ಲೂ ನಿಲ್ಲುವುದಿಲ್ಲವಂತೆ. ಅಲ್ಲಿ ಐದು ನಿಮಿಷ ನಿಲ್ಲಿಸಿರಿ.'

"ಪೂರ್ತಿ ಓದಿದ್ಯಾ ಸಂಜು?"

"ನಾಲ್ಕು ಸಾವಿರ ಕಾಗದ ಗುರು! ಮೊದಲ್ನೇ ಸಾಲಲ್ಲೇ ಸರಿ ಅಂತಿದ್ರೆ ಬೆಂಬಲ." ಅವಳು ಉಳಿದದ್ದನ್ನು ಹೇಳಿದಳು. ಅವನ ಮುಖ ಸಪ್ಪಗಾಯಿತು. "ಅಯ್ಯೋ... ಆದ್ರೂ ಬಸ್ ನಿಲ್ಸಿ ಅನ್ನೋದಕ್ಕೆ ಕಾಲಮ್ ಎಲ್ಲಿದೆ ಹೇಳು? ಆರ್ಡರೂ ಬಂದಾಯ್ತು, ಒಂದನೇ ತಾರೀಕಿಂದ ಕಾರು ಬಂದ್."

ವೈಷ್ಣವಿ ಮ್ಯಾನೇಜರ್ ಸುಜಾತಾ ಅವರ ಹತ್ತಿರ ಹೋದಳು. ಅವರು ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. "ಕಾಡಿನ ಮಧ್ಯ ಯಾರನ್ನೂ ಇಳಿಸೋ ಹಾಗಿಲ್ಲ ಕಣಮ್ಮ. ಒಬ್ಬರಿಗೆ ನಿಲ್ಸಿದ್ರೆ ಎಲ್ರಿಗೂ ನಿಲ್ಸ್ಬೇಕು. ಏನಾದ್ರೂ ಆದ್ರೆ?" ಅಪ್ಪ ಬದುಕಿದ್ದರೆ ಅದನ್ನೇ ಹೇಳುತ್ತಿದ್ದ.

ಅವ್ವನಿಗೆ ಇವತ್ತೇ ಹೇಳಿಬಿಡಬೇಕು ಎಂದು ಗಟ್ಟಿಮಾಡಿಕೊಂಡು ಹೊಸ ತಿಪ್ಪಸಂದ್ರದ ಬಾಡಿಗೆ ಮನೆಗೆ ಬಂದರೆ, ಪ್ರೇಮಕ್ಕ ನಡುಮನೆಯಲ್ಲಿ ವಾಕರ್ ಹಿಡಿದು ನಿಂತಿದ್ದಳು. ಎದುರಿಗೆ ಎರಡು ಇಟ್ಟಿಗೆ, ಮೇಲೊಂದು ಮಣೆ.

"ನೋಡಿದ್ಯೇನೇ? ನಿಮ್ಮಪ್ಪನ ಜೊತಿಗಿದ್ದ ಗಾರ್ಡು ನಿಂಗಣ್ಣ ರಿಪೋರ್ಟಿನ ಪುಟ ಫೋನಿಗೆ ಕಳಿಸ್ಯಾನೆ. ನನ್ನ ಹೆಸರು ಹಾಕ್ಯಾರೆ, ಅವರ ಹೆಸರೂ ಹಾಕ್ಯಾರೆ! ಸುಮ್ನೆ ಹಾಕ್ತಾರೇನು? ನನ್ನ ಮಾತು ಕೇಳ್ಯಾರೆ ಅಂತಲೇ ಅರ್ಥ." ಆಪರೇಷನ್ ಆದಮೇಲೆ ಆ ಮುಖದಲ್ಲಿ ಇಷ್ಟು ಕಳೆ ಬಂದದ್ದು ಇವತ್ತೇ. "ಬಸ್ಸಿನ ಮೆಟ್ಲು ಇಷ್ಟೆತ್ರ ಇರ್ತಾವಲ್ಲೇನು?"

"ಇರ್ತಾವವ್ವ."

"ಎಷ್ಟೊತ್ತು ನಿಲ್ಲಿಸ್ತಾರಂತೆ?"

ಹೇಳಬೇಕಿತ್ತು. ಬಾಯಿಯವರೆಗೂ ಬಂದಿತ್ತು. "ಐದು ನಿಮಿಷ," ಅಂದುಬಿಟ್ಟಳು.

"ಅಷ್ಟ್ರೊಳಗೆ ಇಳಿದು ಹತ್ತಬೇಕಲ್ಲ ಮತ್ತೆ. ಬಾ ಇಲ್ಲಿ, ಹಿಡ್ಕೋ."

ವೈಷ್ಣವಿ ಹೆಗಲ ಬ್ಯಾಗನ್ನೂ ಇಳಿಸದೆ ಅವ್ವನ ರಟ್ಟೆ ಹಿಡಿದಳು. ಪ್ರೇಮಕ್ಕ ಹಲ್ಲು ಕಚ್ಚಿ ಬಲಗಾಲೆತ್ತಿದಳು. ಹೆಬ್ಬೆರಳು ಮಣೆಯ ಅಂಚಿಗೆ ತಾಗಿ ಕಾಲು ಕೆಳಗೆ ಬಂತು.

"ಅವರ ದಿನಕ್ಕೆ ಇನ್ನೂ ಹನ್ನೆರಡು ದಿನ ಐತಲ್ಲ," ಅಂದು, ಮತ್ತೆ ಎತ್ತಿದಳು.