ಎರವಲು ತಂದ ಅಣ್ಣ

"ಕ್ಯಾಸೆಟ್ ಸಿಕ್ತಾ ಮೇಡಂ?" ಎಂದು ಹಾಡಿನ ಕಂಪನಿಯವನು ಫೋನಿನಲ್ಲಿ ಕೇಳಿದಾಗ ಅವಳು ಒಲೆಯ ಮೇಲಿಟ್ಟ ನೀರು ಕುದಿದು ಕುದಿದು ಇಂಗುವುದನ್ನೇ ನೋಡುತ್ತ ನಿಂತಿದ್ದಳು. ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಅವಳಂತೂ ಒಂದು ಸಲವೂ ಅತ್ತಿರಲಿಲ್ಲ. ಕಲ್ಲಾಗಿಬಿಟ್ಟಿದ್ದಾಳೆ ಎಂದು ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು, ಇರಬಹುದು ಎಂದುಕೊಂಡಿದ್ದಳು.

"ಯಾವ ಕ್ಯಾಸೆಟ್?"

"ಅದೇ, 'ಅರ್ಧ ಗಡ್ಡ'. ಮಿಕ್ಕ ಹಾಡೆಲ್ಲ ರೆಡಿ ಇದೆ. ಇದೊಂದರ ಟೇಪು ಮನೇಲಿದೆ ಅಂದಿದ್ರು ಸರ್."

"ಅದು ಆಲ್ಬಂನಲ್ಲಿ ಇರಲ್ಲ ಅಲ್ವಾ?"

"ಏನ್ ಮೇಡಂ ಹೀಗಂತೀರಿ. ಅವರ ಶುರುವಿನ ಹಾಡುಗಳನ್ನ ಒಟ್ಟಿಗೆ ತರ್ತಾ ಇದೀವಿ, ಅದನ್ನೇ ಬಿಟ್ರೆ ಜನ ಸುಮ್ನಿರ್ತಾರಾ? ಆಸ್ಪತ್ರೆಯಿಂದ ಸರ್ ತಾವೇ ಫೋನ್ ಮಾಡಿ, ಮೊದಲನೇ ಹಾಡು ಅದೇ ಆಗ್ಲಿ ಅಂದ್ರು."

ಅವಳು ಒಲೆ ಆರಿಸಿದಳು. ತಾನು ಔಷಧಿ ತರಲು ಕೆಳಗೆ ಹೋದ ಹೊತ್ತು ನೋಡಿ ಆ ಫೋನು ಮಾಡಿದ್ದಿರಬೇಕು.

ಅವಳ ಗಂಡ ಹಾಡಿನಲ್ಲಿ ಕಥೆ ಹೇಳುವವನು. ಒಂದು ಹಾಡಿನಲ್ಲಿ ಲಿಫ್ಟ್ ನಡೆಸುವವನಾಗುತ್ತಿದ್ದ, ಇನ್ನೊಂದರಲ್ಲಿ ಜೇಬುಗಳ್ಳ. ಎಲ್ಲದರಲ್ಲೂ 'ನಾನು' ಎಂದೇ ಹಾಡುತ್ತಿದ್ದುದರಿಂದ ಕೇಳುವವರು ಎಲ್ಲವೂ ಅವನಿಗೇ ಆದದ್ದು ಎಂದು ನಂಬುತ್ತಿದ್ದರು. 'ಅರ್ಧ ಗಡ್ಡ'ದಲ್ಲಿ ಕ್ಷೌರದಂಗಡಿಯ ಅಣ್ಣನೊಬ್ಬ ಗಿರಾಕಿಯ ಒಂದು ಕೆನ್ನೆ ಮಾತ್ರ ಬೋಳಿಸಿ, ಈಗ ಬಂದೆ ಎಂದು ಹೊರಗೆ ಹೋದವನು ಬರುವುದೇ ಇಲ್ಲ. ಅದುವರೆಗೂ ಕತ್ತಿ ಹಿಡಿಯದ ತಮ್ಮ, ಅಂದರೆ ಹಾಡಿನ 'ನಾನು', ಇನ್ನೊಂದು ಕೆನ್ನೆ ಮುಗಿಸುತ್ತಾನೆ. ಕೊನೆಯ ಚರಣದಲ್ಲಿ ರೈಲು ಬರುತ್ತದೆ. ಹಳಿಯ ಪಕ್ಕ ಅಣ್ಣನ ಚಪ್ಪಲಿ.

"ನಿನ್ನೆ ಒಬ್ಬಳು ನನ್ನ ಕೈ ಹಿಡ್ಕೊಂಡು, ಮೊದಲು ದೊಡ್ಡ ಮಗ, ಈಗ ಇವರು, ಹೇಗೆ ತಡ್ಕೊಂಡ್ರೋ ಅಮ್ಮ ಅಂತ ಅತ್ತಳು," ಎಂದರು ಅತ್ತೆ, ಅಡುಗೆಮನೆಯ ಬಾಗಿಲಿಗೆ ಒರಗಿ. "ನಾನು ಹೆತ್ತಿದ್ದೇ ಒಬ್ಬನ್ನ. ಇಲ್ಲದ ಮಗನಿಗೂ ಸೇರಿಸಿ ಅತ್ತು ಹೋದ್ರು."

ಹಾಡಿನ ಆ ಅಣ್ಣ ಮೂಲೆಯ ಕ್ಷೌರದಂಗಡಿಯವನ ಅಣ್ಣ. ಕೂದಲು ಕತ್ತರಿಸುತ್ತ ಅವನು ಹೇಳಿದ್ದನ್ನು ಅವಳ ಗಂಡ ಮನೆಗೆ ಬಂದವನೇ ಹಾಡು ಮಾಡಿದ್ದ. ರೈಲು ಮಾತ್ರ ಇವನು ಸೇರಿಸಿದ್ದು, ನಿಜದಲ್ಲಿ ಆ ಅಣ್ಣ ಎಲ್ಲಿ ಹೋದನೆಂದೇ ಯಾರಿಗೂ ಗೊತ್ತಿರಲಿಲ್ಲ. ರೇಡಿಯೋದ ನೇರಪ್ರಸಾರದಲ್ಲಿ ಇವನು ಅದನ್ನು ಹಾಡಿದ ದಿನ ಅಂಗಡಿಯವನ ತಾಯಿ ಬರಿಗಾಲಲ್ಲೇ ಇವರ ಬಾಗಿಲಿಗೆ ಬಂದಿದ್ದಳು. "ಎಲ್ಲಿ ನೋಡಿದೆಯಪ್ಪ ಅವನ್ನ? ಯಾವ ಊರ ಹಳಿ?" ಇವನು ನಿಜ ಹೇಳದೆಯೇ ಅವಳನ್ನು ಹಿಂದಕ್ಕೆ ಕಳಿಸಿದ್ದ. ಮರುದಿನ ಅಂಗಡಿಯವನು ಬಂದು, "ಇನ್ನು ಅದನ್ನ ಹಾಡಬೇಡಿ ಸಾರ್. ರೈಲು ಹಾಡಲ್ಲಿ ಸುಮ್ನೆ ಸೇರಿಸಿದ್ದು ಅಂದ್ರೆ, 'ನನ್ನ ಸಮಾಧಾನಕ್ಕೆ ಹೇಳ್ತೀಯ' ಅಂತಾಳೆ ಅಮ್ಮ. ನಾನು ನಿಮಗೆ ಕಥೆ ಕೊಟ್ಟಿದ್ದೆ, ಸಾವು ಕೊಟ್ಟಿರ್ಲಿಲ್ಲ," ಎಂದಿದ್ದ. ಇವನು ಮಾತು ಕೊಟ್ಟ. "ಎರವಲು ತಂದಿದ್ದು ಕಣೇ, ನಮ್ದಲ್ಲ," ಎಂದು ಅವಳ ಮುಂದೆಯೂ ಹೇಳಿದ್ದ. ಆ ಮುದುಕಿಗೆ ನಿಜ ಹೇಳಿ ಬರಬೇಕು ಎನ್ನುತ್ತಲೂ ಇದ್ದ. ಹೋಗಲಿಲ್ಲ.

ಕಪಾಟಿನಿಂದ ಕ್ಯಾಸೆಟ್ ತೆಗೆದಾಗ ಅತ್ತೆ ಹಿಂದೆಯೇ ಬಂದರು.

"ಕಂಪನಿಯವರಿಗಾ?"

"ಅಲ್ಲ ಅತ್ತೆ. ಮೂಲೆ ಅಂಗಡಿಗೆ."

"ಅವನು ಕೊನೇಲಿ ಕೇಳಿದ್ದು ಇದೊಂದು. ಬೇಡ ಅನ್ನೋಕೆ ನೀನ್ಯಾರು?"

ಅವಳು ಕ್ಯಾಸೆಟ್ಟಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅದನ್ನು ನೋಡಿ ಅತ್ತೆಯೇ, "ಒಂದ್ಸಲ ಹಾಕು ಹಾಗಾದ್ರೆ. ಅವನ ಧ್ವನಿ ಕೇಳಿ ಕೊಟ್ಬಿಡೋಣ," ಎಂದರು.

"ಹಾಕಿದ್ರೆ ಕೊಡೋಕಾಗಲ್ಲ ಅತ್ತೆ."

ಅತ್ತೆ ಕಪಾಟಿನ ಬಾಗಿಲು ಮುಚ್ಚಿ ಅಲ್ಲೇ ನಿಂತರು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಂಗಡಿಯವನು ನೆಲದ ಕೂದಲು ಗುಡಿಸುತ್ತಿದ್ದ. ತಾಯಿ ಒಳಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕುಳಿತು ಟವೆಲ್ ಮಡಚುತ್ತಿದ್ದಳು. ಇವಳು ಕೊಟ್ಟ ಕ್ಯಾಸೆಟ್ಟನ್ನು ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಇದೊಂದೇ ಇರೋದು. ಆಲ್ಬಂನಲ್ಲಿ ಬರಲ್ಲ," ಎಂದಳು.

"ಸಾರ್ ಧ್ವನಿ ಇದೆಯಲ್ಲಮ್ಮ ಇದರಲ್ಲಿ. ನೀವೇ ಇಟ್ಕೊಳ್ಳಿ, ಯಾರಿಗೂ ಕೊಡದಿದ್ರೆ ಸಾಕು."

"ಬೇಡ. ನಮ್ಮನೇಲಿದ್ರೆ ಒಂದಲ್ಲ ಒಂದಿನ ಕಂಪನಿಯವರಿಗೆ ಕೊಟ್ಬಿಡ್ತೀನಿ."

ಮುದುಕಿ ಕುಳಿತಲ್ಲೇ ತಿರುಗಿ ನೋಡಿದಳು. "ನೀನು ಅವನ ಹೆಂಡ್ತಿ ಅಲ್ವೇನಮ್ಮ? ಅವನೂ ಹೋದನಂತೆ. ಇನ್ನು ನಾನು ಯಾರನ್ನ ಕೇಳ್ಲಿ?"

"ಅವರಿಗೆ ಏನೂ ಗೊತ್ತಿರ್ಲಿಲ್ಲ ಅಜ್ಜಿ. ನಿಮ್ಮ ಮಗನ್ನ ಅವರು ನೋಡೇ ಇಲ್ಲ."

"ಆ ರೈಲು?"

"ಹಾಡು ಎಲ್ಲಾದ್ರೂ ನಿಲ್ಲಬೇಕಿತ್ತು. ಅವರೇ ತಂದು ಹಾಕಿದ್ರು."

"ಚಪ್ಪಲಿ?"

"ಅದೂ ಅಷ್ಟೇ."

"ಅಂದ್ರೆ ಸುಳ್ಳು."

"ಸುಳ್ಳು," ಎಂದಳು ಅವಳು. ಗಂಡನ ಬಗ್ಗೆ ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಮುದುಕಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು. "ಸತ್ತ ಗಂಡನ ಮೇಲೆ ಇಲ್ಲದ್ದು ಹೇಳಿ ನಿನಗೇನು ಬರ್ಬೇಕು," ಎಂದು ತನಗೆ ತಾನೇ ಎಂಬಂತೆ ಅಂದುಕೊಂಡು, ಮಂಡಿಗೆ ಕೈಕೊಟ್ಟು ಎದ್ದಳು. ಮಗ ಹಿಡಿದುಕೊಳ್ಳಲು ಹತ್ತಿರ ಬಂದರೆ, ಬೇಡ ಹೋಗೋ ಎಂಬಂತೆ ಕೈ ಬೀಸಿದಳು. ಸ್ಟೂಲನ್ನು ತಾನೇ ಬಾಗಿಲಿನತ್ತ ಎಳೆದುಕೊಂಡು ಬಂದು, ಹೊರಮುಖವಾಗಿಟ್ಟು, ಸೆರಗು ಸರಿಮಾಡಿಕೊಂಡು ಕುಳಿತಳು.

ಇವಳು ಇನ್ನೂ ಹೊಸ್ತಿಲ ಮೇಲೆಯೇ ನಿಂತಿದ್ದಳು.

"ಸ್ವಲ್ಪ ಸರಿದು ನಿಲ್ಲಮ್ಮ," ಎಂದಳು ಮುದುಕಿ. "ರಸ್ತೆ ಕಾಣಲ್ಲ."

ಅವಳು ಒಂದು ಪಕ್ಕಕ್ಕೆ ಸರಿದು ನಿಂತಳು.