ಮೂಕ ಟೀವಿ, ಕುರುಡು ಟೀವಿ

ನಮ್ಮ ಟೀವಿಗೆ ಮಾತು ನಿಂತು ಮೂರು ವರ್ಷವಾಗಿತ್ತು. ಪಕ್ಕದ ಮನೆಯ ಚಮನಸಾಬರ ಟೀವಿಗೆ ಮಾತಿತ್ತು, ಚಿತ್ರ ಹೋಗಿತ್ತು. ಎರಡೂ ಕಪ್ಪು-ಬಿಳುಪಿನವು.

ಎಂಬತ್ತೇಳನೆಯ ಇಸವಿ. ಜೇವರ್ಗಿಗೆ ಬರುತ್ತಿದ್ದದ್ದು ಒಂದೇ ಚಾನೆಲ್, ಹೀಗಾಗಿ ನಮಗೆ ಅಡಚಣೆಯೇನೂ ಆಗಲಿಲ್ಲ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿಯಿದೆ. ಸಂಜೆಯಾದರೆ ಚಮನಸಾಬರು ತಮ್ಮ ಟೀವಿಯನ್ನು ಜೋರಾಗಿ ಹಚ್ಚಿ, ಮನೆಗೆ ಬೀಗ ಹಾಕಿ, ಹೆಂಡತಿ ಕುಲಸುಮಬಿಯನ್ನು ಕರೆದುಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಚಿತ್ರ ನಮ್ಮದು, ಮಾತು ಅವರದು. ವಾರ್ತೆ ಓದುವವಳ ಬಾಯಿ ಇಲ್ಲಿ, ದನಿ ಗೋಡೆಯಾಚೆ. ಬಂದ ಬೀಗರು ಗಾಬರಿಯಾಗುತ್ತಿದ್ದರು. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಕಿರಿಕಿರಿ ಶುರುವಾದದ್ದು ನನ್ನ ಹೆಂಡತಿ ಗೌರಾಬಾಯಿಯಿಂದ.

"ಬಣ್ಣದ ಟೀವಿ ತರ್ರಿ. ಯಾರ ಸೀರಿ ಯಾವ ಬಣ್ಣ ಅಂತ ಗೊತ್ತಿಲ್ದ ಎಷ್ಟ ವರ್ಷ ನೋಡ್ಲಿ? ಸತ್ತೋರ ಮನ್ಯಾಗ ಕುಂತಂಗ ಆಗ್ತದ."

ನನಗೆ ಬೇಡವಾಗಿತ್ತು. ಕಾರಣ ಚಮನಸಾಬರು. ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಇದ್ದರೂ ಟೀವಿಗಳು ಕೆಡುವ ತನಕ ಅವರು ನಮ್ಮ ಹೊಸ್ತಿಲು ದಾಟಿದವರಲ್ಲ. ದರ್ಜಿ ಮನುಷ್ಯ, ಮಹಾ ಸ್ವಾಭಿಮಾನಿ. ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ಈಗ ತಮ್ಮ ಪಾಲಿನ ಮಾತು ಕೊಡುತ್ತಿದ್ದರಲ್ಲ, ಆ ಧೈರ್ಯಕ್ಕೆ ನಮ್ಮ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಮಾತಾಡುವ ಟೀವಿ ಬಂದರೆ ಆ ಕುರ್ಚಿ ಖಾಲಿ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ಊರವರನ್ನೆಲ್ಲ ಬೈದು ಬೈದು, ನಾನು ಒಬ್ಬ ಗೆಳೆಯನನ್ನೂ ಉಳಿಸಿಕೊಂಡಿರಲಿಲ್ಲ. ಅರವತ್ತು ದಾಟಿದ ಮೇಲೆ ಒಬ್ಬ ಸಿಕ್ಕಿದ್ದ. ಅವನನ್ನು ಯಾರದೋ ಸೀರೆಯ ಬಣ್ಣಕ್ಕಾಗಿ ಕಳೆದುಕೊಳ್ಳುವುದೇ? ಇದನ್ನು ಹೆಂಡತಿಗೆ ಹೇಳಲು ನಾಚಿಕೆ. ಅದಕ್ಕೆ, ಬಣ್ಣದ ಟೀವಿಯಿಂದ ಕಣ್ಣು ಹೋಗುತ್ತವೆ ಎಂದು ವಾದಿಸಿದೆ.

"ನಿಮ್ಮ ಜೋಡಿ ವಾದಾ ಹಾಕಿ ಗೆದ್ದೋರು ಯಾರ ಇದ್ದಾರ? ನಾ ಘತ್ತರಗಿ ಭಾಗ್ಯವಂತೀಗೆ ಹೂ ಕೇಳ್ತೇನಿ" ಎಂದಳು ಗೌರಾಬಾಯಿ.

ದೇವಿ ಭಾಗ್ಯವಂತಿಯ ಫೋಟೋ ಆ ನಡುಗೋಡೆಯ ಮೇಲೇ ಇತ್ತು. ಅದರ ಗಾಜಿಗೆ ಎರಡು ಹೂವಿನ ಎಸಳು ನೀರಲ್ಲಿ ಅದ್ದಿ ಅಂಟಿಸಿದಳು. ಬಲಗಡೆಯದು ಮೊದಲು ಬಿದ್ದರೆ ಹೊಸ ಟೀವಿ, ಎಡಗಡೆಯದು ಬಿದ್ದರೆ ಇಲ್ಲ. ಬಾವಿ ತೋಡಲು, ಹೆಣ್ಣು ತರಲು ಹೂ ಕೇಳಿದವರನ್ನು ನೋಡಿದ್ದೇನೆ. ಟೀವಿಗಾಗಿ ಕೇಳಿದ್ದು ಇವಳೊಬ್ಬಳೇ.

ಅವಳು ಒಳಗೆ ಹೋದದ್ದೇ ತಡ, ಎಡಗಡೆಯ ಎಸಳೇ ಮೊದಲು ಬೀಳಲೆಂದು ನಾನು ಅದನ್ನು ಧೋತರದ ಅಂಚಿನಿಂದ ಒರೆಸಿ ಒಣಗಿಸಿದೆ. ಮಾಡಬಾರದ ಕೆಲಸ, ಮಾಡಿದೆ.

ಆ ಸಂಜೆ ವಾರ್ತೆಯ ಹೊತ್ತಿಗೆ ಗೋಡೆಯಾಚೆಯಿಂದ ಬಂದ ದನಿ ಅಂತಿಂಥದ್ದಲ್ಲ. ಗೋಡೆಯ ಮಾಡದಲ್ಲಿಟ್ಟ ಲೋಟಗಳು ಗಡಗಡ ನಡುಗಿದವು. ಗೋಡೆ ಅದುರಿತು. ಬಲಗಡೆಯ ಎಸಳು ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ನಾನು ಒಣಗಿಸಿದ್ದು ಹಟ ಹಿಡಿದು ಅಲ್ಲೇ ಕೂತಿತ್ತು.

"ನೋಡಿದ್ರಿ? ಆಯಿ ಗ್ವಾಡಿನ ಅಳ್ಳಾಡಿಸಿ ಹೇಳ್ಯಾಳ!" ಗೌರಾಬಾಯಿ ಕೈಮುಗಿದಳು.

ಮರುದಿನ ಅಂಗಿಯ ಅಳತೆ ಕೊಡುವ ನೆವದಲ್ಲಿ ಚಮನಸಾಬರ ಮನೆಗೆ ಹೋದೆ. ಯಾವಾಗಲೂ ಮೂಲೆಯಲ್ಲಿರುತ್ತಿದ್ದ ಅವರ ಟೀವಿ ಹೊಲಿಗೆ ಮಶೀನಿನ ಮೇಲೆ ಏರಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಸರಿಯಾಗಿ ನಮ್ಮ ಫೋಟೋದ ಬಲಗಡೆಯ ಎಸಳಿನ ಹಿಂದೆ.

"ಇದೇನ್ರಿ ಇದು?" ಎಂದೆ.

ಚಮನಸಾಬರು ಹಲ್ಲಿನಿಂದ ದಾರ ಕಡಿದರು. "ಹೂವಿಂದು ಅಕ್ಕೋರು ನಮ್ಮ ಮನ್ಯಾಕಿ ಮುಂದ ಹೇಳಿದ್ರು. ಈ ಕಡಿ ನಿಂತ್ರ ಎಡಾ-ಬಲಾ ಉಲ್ಟಾ ಆಗ್ತಾವಲ್ರಿ, ಅದಕ್ಕ ಟೇಪ್ ಹಿಡ್ದು ಅಳದೇ ಇಟ್ಟೀನಿ."

"ದೇವರ ಹೂವಿನಾಗ ಕೈ ಹಾಕೂದು ತಪ್ಪಲ್ಲೇನ್ರಿ?" ಎಂದು ಧೋತರದ ಅಂಚಿನಿಂದ ಎಸಳು ಒರೆಸಿದ ನಾನೇ ಸಿಟ್ಟಿನಿಂದ ಕೇಳಿದೆ.

"ಹೂವಿಗೆ ನಾ ಕೈ ಹಚ್ಚಿಲ್ರಿ ಮಾಸ್ತರ್ರ. ಆವಾಜ್ ಹೆಚ್ಚ ಮಾಡೀನಿ, ಅಷ್ಟ. ನಮ್ಮ ಈ ಕುರುಡ ಡಬ್ಬಿ ಸಲುವಾಗಿ ಅಕ್ಕೋರು ಯಾಕ ಆಸೀ ಕಟ್ಕೊಂಡು ಕುಂದರಬೇಕು?"

ಅಂಗಿಯ ಅಳತೆಯನ್ನೂ ಕೊಡದೆ ಬಂದೆ.

ಬಣ್ಣದ ಟೀವಿ ಬಂತು. ಮೊದಲ ದಿನ ಚಮನಸಾಬರು ಪೇಢೆ ತಂದು, ನಿಂತೇ ನೋಡಿ, "ಭಾಳ ಛಲೋ ಅದ" ಎಂದು ಹೋದರು. ಮರುದಿನದಿಂದ ಬರಲಿಲ್ಲ. ಕಿಂಡಿಗೆ ಆ ಕಡೆಯಿಂದ ಬಟ್ಟೆಯ ಚೂರು ತುರುಕಿದ್ದರು. ನಮ್ಮ ಟೀವಿಯ ಸದ್ದು ತಮಗೆ ಬೇಡವೆಂದಲ್ಲ, ತಮ್ಮದು ನಮಗೆ ಅಡ್ಡಿಯಾಗಬಾರದೆಂದು.

ಗೌರಾಬಾಯಿ ಮೂರು ದಿನ ಸೀರೆಗಳನ್ನು ನೋಡಿದಳು. ನಾಲ್ಕನೆಯ ದಿನ "ಇದು ಕೆಂಪೋ ಕುಂಕುಮೋ?" ಎಂದು ಕೇಳಿದಳು. ನಾನು "ಎರಡೂ ಒಂದೇ" ಎಂದೆ. ಆಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ.

ಎಂಟನೆಯ ಸಂಜೆ ಅಂಗಳಕ್ಕೆ ಬಂದವನು ಪಕ್ಕದ ಮನೆಯ ತೆರೆದ ಬಾಗಿಲಲ್ಲಿ ಇಣುಕಿದೆ. ಗಂಡ ಹೆಂಡತಿ ಇಬ್ಬರೂ ಸದ್ದು ಸಣ್ಣಗೆ ಮಾಡಿಕೊಂಡು, ಏನೂ ಕಾಣದ ಗಾಜನ್ನೇ ನೋಡುತ್ತ ಕೂತಿದ್ದರು. ಒಳಗೆ ಬಂದು ಹೆಂಡತಿಗೆ ಹೇಳಿದೆ. ಆ ದಿನ ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ಮರುದಿನ ಸಂಜೆ ಗೌರಾಬಾಯಿ ಕೂಗಿದಳು. "ಟೀವಿ ಕೆಟ್ಟದ ನೋಡ್ರಿ. ಆವಾಜ್ ಹೋಗ್ಯಾದ."

ವಾರ್ತೆಯವಳು ಗುಲಾಬಿ ಸೀರೆ ಉಟ್ಟು ಸುಮ್ಮನೆ ಬಾಯಾಡಿಸುತ್ತಿದ್ದಳು. ಕನ್ನಡಕ ಹಾಕಿಕೊಂಡು ನೋಡಿದರೆ, ದನಿಯ ಗುಂಡಿಯನ್ನು ಸೊನ್ನೆಯ ತನಕ ಯಾರೋ ತಿರುವಿಟ್ಟಿದ್ದರು. ನಾನು ಕೈ ಹಾಕಿದೆ. ಗೌರಾಬಾಯಿ ಆ ಕೈಗೆ ಪಟ್ಟನೆ ಹೊಡೆದಳು.

"ಕೆಟ್ಟದ ಅಂದೆನಲ್ರಿ! ಹೋಗಿ ಹೇಳಿ ಬರ್ರಿ."

ಚಪ್ಪಲಿ ಮೆಟ್ಟುವುದನ್ನೂ ಮರೆತು ಹೋದೆ. "ಚಮನಸಾಬ್ರ, ನಮ್ಮದು ಮೂಕ ಆಗ್ಯಾದ."

"ಹೊಸಾದು? ಒಂಬತ್ತ ದಿನಕ್ಕ?"

"ಈಗಿನ ಮಾಲು ಹಿಂಗೇ ಬರಾಕತ್ತದ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದವನು.

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ಕಿಂಡಿಯ ಬಟ್ಟೆ ಕಿತ್ತರು, ಟೀವಿಯ ದನಿ ಏರಿಸಿದರು, ಕುಲಸುಮಬಿಯನ್ನು ಕರೆದು ಮನೆಗೆ ಬೀಗ ಹಾಕಿದರು.

ಆ ಸಂಜೆ ಕುರ್ಚಿ ತುಂಬಿತ್ತು. ಹೆಂಗಸರಿಬ್ಬರೂ ಒಂದು ಸೀರೆ ಬದನೆಕಾಯಿ ಬಣ್ಣದ್ದೋ ನೇರಳೆಯದ್ದೋ ಎಂದು ವಾರ್ತೆ ಮುಗಿಯುವ ತನಕ ಜಗಳವಾಡಿದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಯಾರಿಗೂ ಬೈಯಲಿಲ್ಲ.

ಹೊರಡುವಾಗ ಚಮನಸಾಬರು ಟೀವಿಯ ಹತ್ತಿರ ಹೋಗಿ, ಹೆಗಲ ಮೇಲಿನ ವಸ್ತ್ರದಿಂದ ಅದರ ಧೂಳು ಒರೆಸತೊಡಗಿದರು. ಗುಂಡಿಯ ಹತ್ತಿರ ಬಂದಾಗ ಅವರ ಕೈ ನಿಂತಿತು. ಗೌರಾಬಾಯಿ ಸೆರಗು ಬಾಯಿಗೆ ಹಿಡಿದಳು. ಅವರು ಗುಂಡಿಯ ಸುತ್ತಲಿನ ಧೂಳನ್ನಷ್ಟೇ ಒರೆಸಿ, ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದರು.

"ಮಾಸ್ತರ್ರ, ಇದನ್ನ ರಿಪೇರಿಗೆ ಕೊಡಬ್ಯಾಡ್ರಿ" ಎಂದರು. "ನಾನೂ ನಂದು ಮಾಡ್ಸೂದಿಲ್ಲ."